ಮುಳುಗಿದ ಸೂಪಾ, ಬೆಳೆದ ಮುಂಡಗೋಡ

ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದಾಗ ನನಗೆ ಮೊದಲು ನೆನಪಾದದ್ದು ನಮ್ಮ ತರಗತಿಯ ಹಾಜರಿ ಪುಸ್ತಕ. ಕೊಂಕಣಿ, ಮರಾಠಿ, ತೆಲುಗು, ತಮಿಳು, ಮಲಯಾಳಂ ಮನೆಮಾತಿನವರ ಹೆಸರುಗಳೆಲ್ಲ ಅದರಲ್ಲಿ ಒಂದರ ಕೆಳಗೊಂದು ಇದ್ದವು. "ನಿನ್ನ ಊರು ಯಾವುದೋ?" ಎಂದು ಗುರುಗಳು ಕೇಳಿದರೆ ಗಣೇಶಗುಡಿ ಎನ್ನುವವರು ಕಡಿಮೆ. ಅಣೆಕಟ್ಟಿನ ಕೆಲಸಕ್ಕೆ ಬಂದವರ ಮಕ್ಕಳು ದೂರದ ಊರುಗಳ ಹೆಸರು ಹೇಳುತ್ತಿದ್ದರು. ಕೆಲವರು ಮಾತ್ರ ಸೂಪಾ ಎನ್ನುತ್ತಿದ್ದರು.

ಕಾಳಿ ಮತ್ತು ಪಾಂಢರಿ ನದಿಗಳು ಕೂಡುವಲ್ಲಿ ಇದ್ದ ಸೂಪಾ ಈ ತಾಲೂಕಿನ ಕೇಂದ್ರ. ಕಚೇರಿ, ಪೇಟೆ, ದೇವಸ್ಥಾನ ಎಲ್ಲವೂ ಇದ್ದ ಊರು. 101 ಮೀಟರ್ ಎತ್ತರದ ಅಣೆಕಟ್ಟು ಎದ್ದು ನೀರು ನಿಂತಾಗ ಆ ಊರು ಕೆಳಗೆ ಹೋಯಿತು. ತಾಲೂಕು ಕಚೇರಿ ಜೋಯಿಡಾಕ್ಕೆ ಬಂತು. ಕಾಗದಪತ್ರಗಳಲ್ಲಿ ಮಾತ್ರ ಸೂಪಾ ತಾಲೂಕು ಎಂಬ ಹೆಸರು ಬಹುಕಾಲ ಉಳಿಯಿತು. ಮನೆ ಕಳೆದುಕೊಂಡವರಲ್ಲಿ ಅನೇಕರು ಬೆಳಗಾವಿ–ಗೋವಾ ರಸ್ತೆಯ ರಾಮನಗರಕ್ಕೆ ಹೋದರು. ಇಂದು ಬಸ್ಸಿಳಿದು ಚಹಾ ಕುಡಿಯುವವರಿಗೆ ಅದು ರಸ್ತೆ ಬದಿಯ ಒಂದು ಪೇಟೆ, ಅಷ್ಟೇ. ಆ ಪೇಟೆ ಹುಟ್ಟಿದ್ದು ಮುಳುಗಡೆಯಿಂದ ಎಂಬುದು ಅವರಿಗೆ ತಿಳಿಯುವುದಿಲ್ಲ.

ಇದೇ ಜಿಲ್ಲೆಯ ಮುಂಡಗೋಡದಲ್ಲಿ ನಡೆದದ್ದು ಬೇರೆ ಕಥೆ. 1959ರಲ್ಲಿ ದಲಾಯಿ ಲಾಮಾ ಅವರ ಹಿಂದೆ ಸಾವಿರಾರು ಟಿಬೆಟನ್ನರು ಭಾರತಕ್ಕೆ ಬಂದರು. ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದ 1966ರಲ್ಲಿ ಮುಂಡಗೋಡದ ಬಳಿ ಅವರಿಗೆ ಸುಮಾರು 4,000 ಎಕರೆ ಜಮೀನು ಗೊತ್ತಾಯಿತು. ಕಾಡು ಕಡಿದು ಹೊಲ ಮಾಡಬೇಕಿತ್ತು. ಹಿಮದ ನಾಡಿನವರಿಗೆ ಇಲ್ಲಿಯ ಮಳೆ, ಸೆಕೆ, ಜ್ವರ ಎಲ್ಲವೂ ಹೊಸತು. ಈ ಪುನರ್ವಸತಿಗಾಗಿಯೇ 1968ರಲ್ಲಿ ಮೈರಾಡ ಎಂಬ ಸಂಸ್ಥೆ ಹುಟ್ಟಿತು. ಮುಂದೆ ಅದು ಹಳ್ಳಿಯ ಹೆಂಗಸರ ಸ್ವಸಹಾಯ ಸಂಘಗಳಿಗೆ ಹೆಸರಾಯಿತು. 1970ರ ಸುಮಾರಿಗೆ ಪಶ್ಚಿಮ ಬಂಗಾಳದ ಬಕ್ಸಾದಲ್ಲಿದ್ದ ಗಾದೆನ್ ಮತ್ತು ದ್ರೆಪುಂಗ್ ಮಠಗಳ ಭಿಕ್ಷುಗಳೂ ಇಲ್ಲಿಗೆ ಬಂದು ಸೇರಿದರು.

ಆಗ ಊರು ಬೆಳೆದ ರೀತಿ ನೋಡಿ. ಪಟ್ಟಣದೊಳಗೆ ಒಂದು ಹೊಸ ಓಣಿ ಸೇರಿಕೊಳ್ಳಲಿಲ್ಲ. ಕೆಲವು ಕಿಲೋಮೀಟರ್ ಆಚೆ ಕ್ಯಾಂಪ್‌ಗಳು ಎದ್ದವು. ಅವಕ್ಕೆ ಹೆಸರಿಗಿಂತ ನಂಬರೇ ಗಟ್ಟಿ. ಗಾದೆನ್ ಒಂದನೇ ನಂಬರ್ ಕ್ಯಾಂಪ್, ದ್ರೆಪುಂಗ್ ಎರಡನೇ ನಂಬರ್. ಶಾಲೆ, ಆಸ್ಪತ್ರೆ, ಸಹಕಾರಿ ಸಂಘ, ವೃದ್ಧಾಶ್ರಮ ಎಲ್ಲ ಅಲ್ಲೇ. ಆದರೆ ಬೀಜ, ಗೊಬ್ಬರ, ಅಕ್ಕಿ, ಸಿಮೆಂಟು, ಟ್ರ್ಯಾಕ್ಟರ್ ರಿಪೇರಿಗೆ ಪಟ್ಟಣವೇ ಬೇಕು. ಮಠ ಕಟ್ಟಲು ಗೌಂಡಿ, ಹೊಲಕ್ಕೆ ಆಳು, ಹುಬ್ಬಳ್ಳಿಗೆ ಹೋಗಲು ಬಾಡಿಗೆ ಕಾರು, ಇವೆಲ್ಲ ಸುತ್ತಲಿನ ಹಳ್ಳಿಯವರಿಂದ. ಹೀಗೆ ಪಟ್ಟಣದ ಪೇಟೆ ಕ್ಯಾಂಪ್‌ಗಳ ಕಡೆಗೆ ಮುಖ ಮಾಡಿತು. ಕನ್ನಡದಲ್ಲಿ ಚೌಕಾಸಿ ಮಾಡುವ ಲಾಮಾಗಳನ್ನು ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

ಆ ಜಮೀನು ಅವರ ಹೆಸರಿನದಲ್ಲ, ಸರಕಾರದ್ದು. ಮಳೆ ನಂಬಿದ ಹೊಲದಲ್ಲಿ ಗೋವಿನಜೋಳ ಕೈಕೊಟ್ಟಾಗ ಚಳಿಗಾಲಕ್ಕೆ ಊರೂರಿಗೆ ಸ್ವೆಟರ್ ಮಾರಲು ಹೋದರು. ಈಗ ತರುಣರು ಬೆಂಗಳೂರಿಗೆ, ವಿದೇಶಕ್ಕೆ ಹೊರಟಿದ್ದಾರೆ.

ದೇಶ ಬಿಟ್ಟು ಬಂದವರನ್ನೂ ನೀರಿಗೆ ಊರು ಬಿಟ್ಟವರನ್ನೂ ನಮ್ಮ ಕಡೆ ನಿರಾಶ್ರಿತರು ಎಂದೇ ಕರೆಯುತ್ತಾರೆ. ಒಂದು ವ್ಯತ್ಯಾಸ ನನಗೆ ದೊಡ್ಡದಾಗಿ ಕಾಣುತ್ತದೆ. ಟಿಬೆಟನ್ನರು ಮಠ, ಶಾಲೆ, ಹಿರಿಯರ ಸಮೇತ ಒಟ್ಟಾಗಿ ನೆಲೆಸಿದರು. ಹಳೆಯ ಊರಿನ ನೆನಪನ್ನು ಕಾಯುವ ಕೆಲಸಕ್ಕೆ ಅಲ್ಲಿ ಜನರಿದ್ದಾರೆ. ಸೂಪಾದವರ ನೆನಪು ಕಾಯಲು ಯಾವ ಮಠವೂ ಇಲ್ಲ. ನಮ್ಮ ಗಣೇಶಗುಡಿಯಂತೂ ಕೆಲಸಕ್ಕೆಂದು ಕಟ್ಟಿದ ಕಾಲೊನಿ. ಕೆಲಸ ಮುಗಿದಂತೆ ಕ್ವಾರ್ಟರ್ಸ್‌ಗಳು ಖಾಲಿಯಾದವು, ಗೆಳೆಯರು ವರ್ಗವಾಗಿ ಹೋದರು. ಈಗ ಕಾಳಿಯಲ್ಲಿ ರಾಫ್ಟಿಂಗ್‌ಗೆ ಬರುವವರು ಊರನ್ನು ಮತ್ತೆ ತುಂಬುತ್ತಿದ್ದಾರೆ. ಆದರೆ ಅವರು ಭಾನುವಾರ ಸಂಜೆ ಹೊರಟುಬಿಡುತ್ತಾರೆ.

ಮಹೋತ್ಸವ ಸಮಿತಿಯವರಲ್ಲಿ ನನ್ನದೊಂದು ವಿನಂತಿ. ಆಮಂತ್ರಣ ಪತ್ರಿಕೆಗಳು ರಾಮನಗರಕ್ಕೂ ಹೋಗಲಿ. ಅಲ್ಲಿಂದ ಬರುವ ಹಿರಿಯರನ್ನು ವೇದಿಕೆಯ ಮೇಲೆ ಕೂರಿಸಿ ಶಾಲು ಹೊದಿಸಿದರೆ ಸಾಲದು. ಒಂದು ದೊಡ್ಡ ಹಾಳೆ, ಪೆನ್ಸಿಲ್ ಕೊಟ್ಟು ಹತ್ತನೇ ತರಗತಿಯ ಮಕ್ಕಳನ್ನು ಪಕ್ಕಕ್ಕೆ ಕೂರಿಸಿ. ಸೂಪಾದ ಪೇಟೆ ಎಲ್ಲಿತ್ತು, ಶಾಲೆ ಎಲ್ಲಿತ್ತು, ಯಾರ ಮನೆಯ ಪಕ್ಕ ಯಾರ ಮನೆ ಎಂದು ಅವರು ಹೇಳಲಿ, ಮಕ್ಕಳು ಬರೆಯಲಿ.