ಅಕ್ಕಿಗಿಂತ ಉದ್ದು ಮುಖ್ಯ: ಮುಂಬಯಿಯ ಉಡುಪಿ ಹೋಟೆಲುಗಳ ಕಚ್ಚಾವಸ್ತು ಚರಿತ್ರೆ

1942ರ ಮಾರ್ಚ್‌ನಲ್ಲಿ ರಂಗೂನ್ ಜಪಾನೀಯರ ವಶವಾಯಿತು. ಅಲ್ಲಿಯವರೆಗೆ ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಮೀರಿ ಭಾರತಕ್ಕೆ ಬರುತ್ತಿದ್ದ ಬರ್ಮಾ ಅಕ್ಕಿ ನಿಂತೇಹೋಯಿತು. ಮುಂಬಯಿಯ ಮಾಟುಂಗಾದಲ್ಲಿ ಎ. ರಾಮ ನಾಯಕರು ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದದ್ದೂ ಅದೇ 1942ರಲ್ಲಿ. ಅನ್ನವನ್ನೇ ನಂಬಿದ ಊಟದ ಮನೆಗೆ ಅದಕ್ಕಿಂತ ಕಷ್ಟದ ಕಾಲ ಇನ್ನೊಂದಿರಲಾರದು.

1943ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ಪಡಿತರ ಜಾರಿಗೆ ಬಂತು. ದೇಶದ ಮಹಾನಗರಗಳಲ್ಲಿ ಇದೇ ಮೊದಲು. ಯಾವ ಸಾಮಾನು ಇಲ್ಲದೆ ನಗರ ಉಳಿಯದು, ಯಾವುದಕ್ಕೆ ಬದಲಿ ಉಂಟು ಎಂದು ಸರಕಾರವೇ ಕೂತು ಲೆಕ್ಕ ಹಾಕಬೇಕಾಯಿತು. ಆ ಯುದ್ಧಕಾಲದ ಅಕ್ಕಿಯ ಅಭಾವದಲ್ಲೇ ರವೆ ಇಡ್ಲಿ ಹುಟ್ಟಿತೆಂದು ಬೆಂಗಳೂರಿನ ಎಂಟಿಆರ್ ಹೇಳಿಕೊಂಡು ಬಂದಿದೆ. ಅಂದರೆ ಇಡ್ಲಿಯಲ್ಲಿ ಅಕ್ಕಿಗೂ ಬದಲಿ ಸಿಕ್ಕಿತು.

ಯಾವುದು ಇಲ್ಲದೆ ನಡೆಯದು ಎಂಬ ಇಂಥದೇ ಲೆಕ್ಕ ಹಾಕಿ ಐರೋಪ್ಯ ಒಕ್ಕೂಟ 2011ರಲ್ಲಿ 14 ನಿರ್ಣಾಯಕ ಕಚ್ಚಾವಸ್ತುಗಳ ಪಟ್ಟಿ ಮಾಡಿದಾಗ ಎರಡು ಅಳತೆಗೋಲು ಹಿಡಿದಿತ್ತು: ಆರ್ಥಿಕ ಮಹತ್ವ, ಪೂರೈಕೆಯ ಅಪಾಯ. ಲೋಹ, ಖನಿಜಗಳಿಗಾಗಿ ಮಾಡಿದ ಈ ಲೆಕ್ಕವನ್ನು ಹೋಟೆಲಿನ ಉಗ್ರಾಣಕ್ಕೂ ಹಾಕಿ ನೋಡಬಹುದು. ಆಗ ಮೇಲೆ ಬರುವುದು ಉದ್ದಿನಬೇಳೆ.

ಮೂರು ನಾಲ್ಕು ಪಾಲು ಅಕ್ಕಿಗೆ ಉದ್ದು ಒಂದೇ ಪಾಲು. ಆದರೆ ರಾತ್ರಿಯಿಡೀ ಹುದುಗುವ ಹಿಟ್ಟಿನಲ್ಲಿ ಸೂಕ್ಷ್ಮಜೀವಿಗಳು ಹೊರಬಿಡುವ ಅನಿಲವನ್ನು ಹಿಡಿದಿಡುವುದು ಉದ್ದಿನ ಪ್ರೋಟೀನು ಮತ್ತು ಲೋಳೆ. ರುಬ್ಬಿದ ಹಿಟ್ಟು ಬೆಳಿಗ್ಗೆ ಪಾತ್ರೆಯ ಅಂಚಿಗೆ ಬರುವುದೂ, ಇಡ್ಲಿ ಹೂವಿನಂತೆ ಅರಳುವುದೂ ಅದರಿಂದಲೇ. ಉದ್ದು ಕಡಿಮೆಯಾದರೆ ಇಡ್ಲಿ ಕಲ್ಲಾಗುತ್ತದೆ. ಮೆದುವಡೆಯಂತೂ ಆಗುವುದೇ ಇಲ್ಲ.

ಇದರ ಪೂರೈಕೆಯೂ ಇಕ್ಕಟ್ಟಿನದು. ಭಾರತ ತರಿಸಿಕೊಳ್ಳುವ ಉದ್ದಿನ ಬಹುಪಾಲು ಬರುವುದು ಮ್ಯಾನ್ಮಾರ್ ಎಂಬ ಒಂದೇ ದೇಶದಿಂದ. ಅಲ್ಲಿ 2021ರ ಫೆಬ್ರವರಿಯಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತು. ಮೇ ತಿಂಗಳಲ್ಲಿ ಭಾರತ ಉದ್ದಿನ ಆಮದನ್ನು ನಿರ್ಬಂಧದಿಂದ ಬಿಡಿಸಿತು. ಜೂನ್‌ನಲ್ಲಿ, ಐದು ವರ್ಷ ಕಾಲ ವರ್ಷಕ್ಕೆ 2.5 ಲಕ್ಷ ಟನ್ ಉದ್ದನ್ನು ಮ್ಯಾನ್ಮಾರಿನಿಂದಲೇ ತರಿಸುವ ಒಪ್ಪಂದ ಮಾಡಿಕೊಂಡಿತು. ಇಲ್ಲಿ ಮಳೆ ಕೈಕೊಟ್ಟ ವರ್ಷ ಅಲ್ಲಿಯೂ ಗಲಭೆಯಾದರೆ ಅದರ ಬಿಸಿ ಮುಂಬಯಿಯ ಸಯಾನಿನ ಪುಟ್ಟ ಹೋಟೆಲಿಗೂ ತಟ್ಟುತ್ತದೆ.

ತೊಗರಿಯ ಕಥೆ ಬೇರೆ. 2015ರಲ್ಲಿ ಕಿಲೋಗೆ 200 ರೂಪಾಯಿ ಮುಟ್ಟಿ ಅದು ದೇಶವನ್ನೇ ನಡುಗಿಸಿತು. ಆದರೂ ತೊಗರಿ ಮ್ಯಾನ್ಮಾರಿನಿಂದ ಮಾತ್ರವಲ್ಲ, ಮೊಜಾಂಬಿಕ್, ತಾಂಜಾನಿಯಾ, ಮಲಾವಿಗಳಿಂದಲೂ ಬರುತ್ತದೆ. ಸಾಂಬಾರಿಗೆ ಹೆಸರುಬೇಳೆಯನ್ನೋ ಮಸೂರವನ್ನೋ ಬೆರೆಸಿ ಸುಧಾರಿಸಬಹುದು. ಬೆಲೆಯ ಆರ್ಭಟ ನೋಡಿ ಪಟ್ಟಿ ಮಾಡುವವರು ತೊಗರಿಯನ್ನೇ ಮೇಲಿಡುತ್ತಾರೆ. ವಾಶಿಯ ಧಾನ್ಯ ಮಾರುಕಟ್ಟೆಯಿಂದ ಸಾಮಾನು ತರಿಸುವ ಹೋಟೆಲು ಮಾತ್ರ ಕೈಯಲ್ಲಿರುವ ಬಂಡವಾಳವನ್ನು ಮೊದಲು ಉದ್ದಿನ ದಾಸ್ತಾನಿಗೆ ಹಾಕಬೇಕು, ತೊಗರಿಗೆ ಆಮೇಲೆ.