24 ಆಕ್ಷೇಪ ಎತ್ತುತ್ತಿದ್ದ ಗೆಳೆಯ

ಇವತ್ತು ಒಂದು ಹಳೇ ಜಗಳದ ಕತೆ ಹೇಳ್ತೀನಿ. ಸುಮಾರು 1,700 ವರ್ಷ ಹಿಂದಿನದು. ಅದನ್ನ ಈಗ ಯಾಕೆ ಎತ್ತಿಕೊಂಡೆ ಅಂದರೆ, ಅದಕ್ಕೆ ನಮ್ಮ ಅಪಾರ್ಟ್‌ಮೆಂಟೇ ಕಾರಣ.

ನಮ್ಮ ನಿವಾಸಿಗಳ ಸಂಘದಲ್ಲಿ ಒಬ್ಬ ಹಿರಿಯರಿದ್ದರು. ಯಾವ ಖರ್ಚಿನ ಮಾತು ಬಂದರೂ ನಾಲ್ಕು ಪ್ರಶ್ನೆ ಕೇಳೋರು. ಹೋದ ಬೇಸಿಗೆಯಲ್ಲಿ ಟ್ಯಾಂಕರ್ ನೀರಿನ ಲೆಕ್ಕದ ಮೇಲೆ ವಾದ ಏರಿತು. ನಾನು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ, "ಅಂಗಡಿ ಮುಳುಗಿಸಿಕೊಂಡವರು ನಮಗೆ ಲೆಕ್ಕ ಕಲಿಸೋದು ಬೇಡ" ಅಂತ ಬರೆದುಬಿಟ್ಟೆ. ವ್ಯಾಪಾರ ಕೈಕೊಟ್ಟ ಸಂಗತಿಯನ್ನ ಅವರೇ ಒಂದು ಸಂಜೆ ಕಾಫಿ ಕುಡೀತಾ ನನಗೆ ಹೇಳಿಕೊಂಡಿದ್ದರು. ಅವತ್ತೇ ಗ್ರೂಪ್ ಬಿಟ್ಟರು. ಸಭೆಗೂ ಬರೋದು ನಿಲ್ಲಿಸಿದರು. ಈಗ ನಮ್ಮ ಸಭೆ ಹತ್ತೇ ನಿಮಿಷಕ್ಕೆ ಮುಗಿಯುತ್ತೆ.

ಇನ್ನು ಕತೆಗೆ ಬರೋಣ. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯವನ್ನು ನೆಲಸಮ ಮಾಡಿದರು. ಆಮೇಲೆ ಯಹೂದಿಗಳ ಧಾರ್ಮಿಕ ಬದುಕಿನಲ್ಲಿ ಯಜ್ಞಬಲಿಯ ಜಾಗಕ್ಕೆ ಪ್ರಾರ್ಥನೆ ಮತ್ತು ಓದು ಬಂದವು. ಓದು ಅಂದರೆ ಒಬ್ಬರೇ ಕೂತು ಪಾಠ ಒಪ್ಪಿಸೋದಲ್ಲ. ಇಬ್ಬರು ಎದುರುಬದುರು ಕೂತು, ದನಿ ಏರಿಸಿ ವಾದ ಮಾಡೋದು. ಈ ಜೋಡಿ ಓದಿಗೆ ಹವ್ರೂತಾ ಅಂತಾರೆ. ಗೆಳೆತನ ಅನ್ನೋ ಅರ್ಥದ ಮಾತಿನಿಂದಲೇ ಬಂದ ಹೆಸರು. ಇವತ್ತಿಗೂ ಯಹೂದಿ ಪಾಠಶಾಲೆಗಳಲ್ಲಿ ಈ ಪದ್ಧತಿ ಇದೆ.

3ನೇ ಶತಮಾನದಲ್ಲಿ, ಗಲಿಲಾಯ ಸಮುದ್ರದ ದಡದ ತಿಬೇರಿಯಾಸ್ ಊರಿನಲ್ಲಿ, ಅಂಥ ಒಂದು ಜೋಡಿ ಇತ್ತು. ಒಬ್ಬರು ರಬ್ಬಿ ಯೊಹಾನಾನ್, ಆ ಕಾಲದ ದೊಡ್ಡ ಗುರು. ಇನ್ನೊಬ್ಬರು ರೇಶ್ ಲಾಕಿಶ್. ಬ್ಯಾಬಿಲೋನಿಯಾದ ತಾಲ್ಮುಡ್ ಹೇಳುವ ಕತೆಯ ಪ್ರಕಾರ ಈ ರೇಶ್ ಲಾಕಿಶ್ ಮೊದಲು ದರೋಡೆಕೋರ. ಜೋರ್ಡಾನ್ ನದಿಯಲ್ಲಿ ಯೊಹಾನಾನರ ಕಣ್ಣಿಗೆ ಬಿದ್ದ. ಈ ಶಕ್ತಿಯನ್ನೆಲ್ಲ ಓದಿಗೆ ಹಾಕು ಅಂತ ಅವರು ಕರೆತಂದರು, ಕಲಿಸಿದರು, ತಮ್ಮ ತಂಗಿಯನ್ನೇ ಕೊಟ್ಟು ಮದುವೆ ಮಾಡಿದರು. ಶಿಷ್ಯ ಹೋಗಿ ಸರಿಸಮ ಪಂಡಿತನಾದ.

ಒಂದು ದಿನ ಚರ್ಚೆ ಎದ್ದಿತು: ಕತ್ತಿ, ಚಾಕು, ಕುಡುಗೋಲು ತಯಾರಾಯಿತು ಅಂತ ಯಾವ ಹಂತದಲ್ಲಿ ಹೇಳಬೇಕು? ಶುದ್ಧಿ-ಅಶುದ್ಧಿಯ ನಿಯಮಕ್ಕೆ ಇದು ಮುಖ್ಯ. ಕುಲುಮೆಯಲ್ಲಿ ಕಾಯಿಸಿದಾಗ ಅಂದರು ಯೊಹಾನಾನ್. ಅಲ್ಲ, ನೀರಿಗೆ ಅದ್ದಿದಾಗ ಅಂದರು ರೇಶ್ ಲಾಕಿಶ್. ಆಗ ಯೊಹಾನಾನ್ ಬಾಯಿಂದ ಒಂದು ಮಾತು ಜಾರಿತು. ದರೋಡೆಕೋರನಿಗೆ ತನ್ನ ಕಸುಬು ಗೊತ್ತಿರುತ್ತೆ ಅನ್ನೋ ಅರ್ಥದ ಮಾತು. ನೋಡಿ, ವಾದಕ್ಕೆ ಉತ್ತರ ಕೊಡಲಿಲ್ಲ, ಮನುಷ್ಯನ ಹಳೇ ಗಾಯಕ್ಕೆ ಕೈ ಹಾಕಿದರು. ರೇಶ್ ಲಾಕಿಶ್ ತಿರುಗಿ ಕಟುವಾಗಿ ಆಡಿದರು. ಮಾತು ಮುರಿಯಿತು. ರೇಶ್ ಲಾಕಿಶ್ ಹಾಸಿಗೆ ಹಿಡಿದರು. ತಂಗಿ ಬಂದು ಅತ್ತಳು, ಮಕ್ಕಳ ಮುಖ ನೋಡಿಯಾದರೂ ಪ್ರಾರ್ಥನೆ ಮಾಡಿ ಅಂತ ಬೇಡಿಕೊಂಡಳು. ಅಣ್ಣ ಕರಗಲಿಲ್ಲ. ರೇಶ್ ಲಾಕಿಶ್ ತೀರಿಕೊಂಡರು.

ಆಮೇಲೆ ಯೊಹಾನಾನ್ ಕುಸಿದುಹೋದರು. ಉಳಿದ ಪಂಡಿತರು ಸಮಾಧಾನಕ್ಕೆ ಅಂತ ಎಲಾಜಾರ್ ಬೆನ್ ಪೆದಾತ್ ಅನ್ನುವ ಜಾಣನನ್ನ ಕಳಿಸಿದರು. ಇವರು ಏನು ಹೇಳಿದರೂ ಆತ, ಹೌದು, ಇದಕ್ಕೆ ಆಧಾರವೂ ಇದೆ ಅಂತಾನೆ. ಯೊಹಾನಾನರಿಗೆ ಅದೇ ತಡೆಯಲಾಗಲಿಲ್ಲ. ನನ್ನ ಗೆಳೆಯ ಒಂದು ಮಾತಿಗೆ 24 ಆಕ್ಷೇಪ ಎತ್ತುತ್ತಿದ್ದ, ನಾನು 24 ಉತ್ತರ ಕೊಡ್ತಿದ್ದೆ, ಹಾಗೆ ವಿಷಯ ತಿಳಿಯಾಗ್ತಿತ್ತು. ನಾನು ಹೇಳಿದ್ದು ಸರಿ ಅಂತ ನನಗೇ ಗೊತ್ತಿಲ್ಲವೇ ಅಂತ ಕೊರಗಿದರು. ಬಟ್ಟೆ ಹರಿದುಕೊಂಡು ಗೆಳೆಯನ ಹೆಸರು ಕೂಗುತ್ತಾ ಅಲೆದರು. ಬುದ್ಧಿ ಕೆಟ್ಟಿತು, ಪ್ರಾಣವೂ ಹೋಯಿತು.

ನನ್ನನ್ನ ನಿಜಕ್ಕೂ ಚುಚ್ಚಿದ್ದು ಇನ್ನೊಂದು ವಿಷಯ. ಈ ಕತೆ ಇರೋದು ತಾಲ್ಮುಡ್‌ನ ಬಾವಾ ಮೆಟ್ಸಿಯಾ ಅನ್ನೋ ಭಾಗದಲ್ಲಿ. ಕೊಳ್ಳೋದು, ಮಾರೋದು, ಬಾಡಿಗೆ, ಕೂಲಿ, ಇಂಥ ವ್ಯವಹಾರದ ಕಾನೂನುಗಳು ಅಲ್ಲಿವೆ. ಕ್ರಿ.ಶ. 200ರ ಸುಮಾರಿಗೆ ಸಂಕಲನವಾದ ಮಿಶ್ನಾದಲ್ಲಿ, ಇದೇ ಭಾಗದಲ್ಲೇ, ಒಂದು ನಿಯಮ ಇದೆ. ವ್ಯಾಪಾರದಲ್ಲಿ ಮೋಸ ಇರುವ ಹಾಗೆ ಮಾತಿನಲ್ಲೂ ಮೋಸ ಇದೆ. ತಿದ್ದಿಕೊಂಡು ಬಂದವನಿಗೆ ಅವನ ಹಳೇ ಬದುಕನ್ನ ನೆನಪಿಸಬಾರದು. ಮಾತಿನ ಮೋಸ ದುಡ್ಡಿನ ಮೋಸಕ್ಕಿಂತ ದೊಡ್ಡದು ಅನ್ನೋ ಮಾತೂ ಅಲ್ಲೇ ಮುಂದೆ ಬರುತ್ತೆ. ಗುರು ಶಿಮೋನ್ ಬಾರ್ ಯೊಹಾಯ್ ಹೆಸರಿನಲ್ಲಿ ಅದನ್ನ ನಮಗೆ ದಾಟಿಸಿದವರು ಯಾರು ಗೊತ್ತಾ? ಇದೇ ರಬ್ಬಿ ಯೊಹಾನಾನ್. ನಿಯಮ ಗೊತ್ತಿತ್ತು, ಬಾಯಿಪಾಠವೇ ಇತ್ತು. ಆದರೂ ಸಿಟ್ಟಿನ ಹೊತ್ತಿಗೆ ಕೈಗೆ ಬರಲಿಲ್ಲ.

ಆದರೆ ಆ ಸಂಪ್ರದಾಯ ವಾದವನ್ನ ಬಿಡಲಿಲ್ಲ. ಅಚ್ಚಾದ ತಾಲ್ಮುಡ್ ಪುಟ ತೆರೆದು ನೋಡಿ. ನಡುವೆ ಮೂಲ. ಒಂದು ಪಕ್ಕದಲ್ಲಿ 11ನೇ ಶತಮಾನದ ಫ್ರಾನ್ಸಿನ ಪಂಡಿತ ರಾಶಿಯ ವ್ಯಾಖ್ಯಾನ. ಇನ್ನೊಂದು ಪಕ್ಕದಲ್ಲಿ ಅವರ ಮೊಮ್ಮಕ್ಕಳು ಮತ್ತು ಶಿಷ್ಯಪರಂಪರೆಯವರ ಟಿಪ್ಪಣಿ, ಎಷ್ಟೋ ಕಡೆ ತಾತನ ಮಾತನ್ನೇ ಒಪ್ಪದೆ. ತಾತನೂ ಇದ್ದಾನೆ, ಎದುರಾಡಿದ ಮೊಮ್ಮಗನೂ ಇದ್ದಾನೆ, ಒಂದೇ ಪುಟದಲ್ಲಿ. ಯಾರೂ ಗ್ರೂಪ್ ಬಿಟ್ಟು ಹೋಗಿಲ್ಲ, ಅಲ್ವಾ?

ತಪ್ಪು ಮಾಡಿದವನಿಗೂ ದಾರಿ ಇಟ್ಟಿದ್ದಾರೆ. ಅದು ಸುಲಭದ್ದಲ್ಲ. ಯೋಮ್ ಕಿಪ್ಪೂರ್ ಅನ್ನೋ ಪ್ರಾಯಶ್ಚಿತ್ತದ ದಿನದ ಉಪವಾಸ ದೇವರಿಗೆ ಮಾಡಿದ ತಪ್ಪನ್ನ ತೊಳೆಯಬಹುದು. ಮನುಷ್ಯನಿಗೆ ಮಾಡಿದ್ದನ್ನ, ಆ ಮನುಷ್ಯನನ್ನ ಸಮಾಧಾನ ಮಾಡದೆ ತೊಳೆಯೋದಿಲ್ಲ ಅನ್ನುತ್ತೆ ಮಿಶ್ನಾ. ಬರೀ ಮಾತಿನಿಂದ ನೋಯಿಸಿದ್ದರೂ ಹೋಗಿ ಕೇಳಬೇಕು, ಒಪ್ಪದಿದ್ದರೆ ಮೂವರು ಸ್ನೇಹಿತರನ್ನ ಕರಕೊಂಡು ಮತ್ತೆ ಹೋಗಬೇಕು ಅಂತ 12ನೇ ಶತಮಾನದಲ್ಲಿ ಈಜಿಪ್ಟಿನಲ್ಲಿದ್ದ ಮೈಮೊನೈಡಿಸ್ ಬರೆದರು. ಮೆಸೇಜ್ ಡಿಲೀಟ್ ಮಾಡಿದರೆ ಸಾಲದು ಅಂತ ಆಯ್ತು. ನಾನು ಮಾಡಿದ್ದು ಅಷ್ಟೇ.

ಯೊಹಾನಾನರಿಗೆ ಅರಿವಾಗುವ ಹೊತ್ತಿಗೆ ಗೆಳೆಯ ಇರಲಿಲ್ಲ. ನಮ್ಮ ಹಿರಿಯರು ನಾಲ್ಕನೇ ಮಹಡಿಯಲ್ಲಿ ಇದ್ದಾರೆ. ರೆಕಾರ್ಡಿಂಗ್ ಮುಗಿಸಿ ಅವರ ಮನೆಗೆ ಹೋಗ್ತೀನಿ. ಟ್ಯಾಂಕರ್ ಲೆಕ್ಕದ ಪುಸ್ತಕವನ್ನೂ ಜೊತೆಗೆ ಒಯ್ಯಬೇಕು ಅಂದುಕೊಂಡಿದ್ದೀನಿ. ಅವರ ಪ್ರಶ್ನೆಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ಮುಂದಿನ ವಾರ ಸಿಗೋಣ.