ಆಲೂರು ವೆಂಕಟರಾಯರ ಕರ್ನಾಟಕೋಪಾಸನೆ

ಪ್ರತಿವರ್ಷ ನವೆಂಬರ್ ತಿಂಗಳಿನಲ್ಲಿ ಹೊರನಾಡಿನ ಕನ್ನಡ ಸಂಘಗಳು ಒಂದು ಭಾವಚಿತ್ರಕ್ಕೆ ಹಾರ ಸಮರ್ಪಿಸುವುದುಂಟು. ಕನ್ನಡ ಕುಲಪುರೋಹಿತರೆಂದು ಪ್ರಸಿದ್ಧರಾದ ಆಲೂರು ವೆಂಕಟರಾಯರ ಚಿತ್ರವದು. ಆ ಮಹನೀಯರು ಶ್ರೀಮದಾಚಾರ್ಯರ ಸಿದ್ಧಾಂತವನ್ನು ಕುರಿತು ಗ್ರಂಥರಚನೆ ಮಾಡಿದ ನಿಷ್ಠಾವಂತ ಮಾಧ್ವರಾಗಿದ್ದರೆಂಬುದೂ, ಅವರ ಉಚ್ಚ ವ್ಯಾಸಂಗ ನಡೆದದ್ದು ಪುಣೆ-ಮುಂಬಯಿಗಳಲ್ಲೆಂಬುದೂ ನಮ್ಮ ತರುಣ ಪೀಳಿಗೆಗೆ ಅಷ್ಟಾಗಿ ತಿಳಿದಂತಿಲ್ಲ. ಅರ್ಧಶತಮಾನ ಒಂದೇ ಕಾರ್ಯವನ್ನು ಹಿಡಿದು ಬಿಡದೆ ನಡೆಸುವ ಬಲ ಅವರಿಗೆ ಎಲ್ಲಿಂದ ಬಂದಿತೆಂಬುದು ವಿಚಾರಾರ್ಹವಾಗಿದೆ.

೧೮೮೦ರ ಜುಲೈ ೧೨ರಂದು ವಿಜಾಪುರದಲ್ಲಿ ಜನಿಸಿದ ವೆಂಕಟರಾಯರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ಮುಂಬಯಿಯಲ್ಲಿ ಕಾನೂನು ಪದವಿ ಪಡೆದು, ಧಾರವಾಡದಲ್ಲಿ ವಕೀಲಿ ಆರಂಭಿಸಿದರು. ಅವರು ಪುಣೆಯಲ್ಲಿದ್ದ ಕಾಲವು ಲೋಕಮಾನ್ಯ ತಿಲಕರ ಕಾಲ. ಶಿವಾಜಿ ಉತ್ಸವ ಆರಂಭವಾಗಿ ಕೆಲವೇ ವರ್ಷಗಳಾಗಿದ್ದವು. ನೆರೆಯವರು ತಮ್ಮ ಪೂರ್ವಜರನ್ನು ಹೀಗೆ ಸ್ಮರಿಸುತ್ತಿರುವಾಗ ಕನ್ನಡಿಗನಿಗೆ ಸ್ಮರಿಸಲು ಏನಿದೆ? ಅಂದಿನ ಧಾರವಾಡದ ಶಾಲೆಯ ಹುಡುಗನನ್ನು ಕೇಳಿದ್ದರೆ ಅವನು ನಿರುತ್ತರನಾಗುತ್ತಿದ್ದನೇನೋ.

ಆಗ ಕರ್ನಾಟಕವೆಂಬ ಹೆಸರಿನ ಆಡಳಿತ ಪ್ರದೇಶವು ಭೂಪಟದಲ್ಲಿರಲಿಲ್ಲ. ಕನ್ನಡಿಗರು ಮುಂಬಯಿ ಮತ್ತು ಮದರಾಸು ಪ್ರಾಂತಗಳಲ್ಲಿ, ನಿಜಾಮರ ಹೈದರಾಬಾದು, ಮೈಸೂರು, ಕೊಡಗುಗಳಲ್ಲಿ, ಅಲ್ಲದೆ ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು, ಸೊಂಡೂರುಗಳಂಥ ಚಿಕ್ಕ ಸಂಸ್ಥಾನಗಳಲ್ಲಿ ಹಂಚಿಹೋಗಿದ್ದರು. ಬಹುತೇಕ ಕಡೆ ಕಚೇರಿಯ ಭಾಷೆ ಬೇರೆ, ದೊರೆ ಬೇರೆ.

ವಂಗಭಂಗದ ವರ್ಷವಾದ ೧೯೦೫ರಲ್ಲಿಯೇ ವೆಂಕಟರಾಯರು ಆನೆಗೊಂದಿ ಮತ್ತು ಹಂಪೆಗಳನ್ನು ಕಂಡರು. ನವವೃಂದಾವನದ ಯಾತ್ರೆಗೆ ನಾವೆಲ್ಲರೂ ಹೋಗುತ್ತೇವೆ. ಶ್ರೀವ್ಯಾಸರಾಜರ ಸನ್ನಿಧಾನದಲ್ಲಿ ಪ್ರದಕ್ಷಿಣೆ ಮುಗಿಸಿ, ತುಂಗಭದ್ರೆಯ ಆಚೆಯ ಹಾಳು ಗೋಡೆಗಳನ್ನು ನೋಡಿ, ಅಯ್ಯೋ ಎಂದು ಮರಳುತ್ತೇವೆ. ಅವರಿಗೆ ಆ ಹಾಳೂರು ಮರುಕದ ವಿಷಯವಾಗಿ ಉಳಿಯಲಿಲ್ಲ. ಅಂದಿನಿಂದ ಕರ್ನಾಟಕವು ಅವರಿಗೆ ಆರಾಧ್ಯದೇವತೆಯಾಯಿತು. ೧೯೦೭ರಲ್ಲಿ ಶ್ರೀವಿದ್ಯಾರಣ್ಯರ ಚರಿತ್ರೆ ಬರೆದರು. ೧೯೧೭ರಲ್ಲಿ ‘ಕರ್ನಾಟಕ ಗತವೈಭವ’ ಹೊರಬಂದಿತು. ಚಾಲುಕ್ಯರು, ರಾಷ್ಟ್ರಕೂಟರು, ವಿಜಯನಗರದ ಅರಸರು ತನ್ನವರೆಂಬುದನ್ನು ಸಾಮಾನ್ಯ ಕನ್ನಡಿಗನಿಗೆ ಮನಗಾಣಿಸಿದ ಗ್ರಂಥವದು. ಇಂದಿನ ಸಂಶೋಧಕರು ಅದರಲ್ಲಿ ಅತಿಶಯೋಕ್ತಿಯನ್ನು ಕಾಣಬಹುದು. ಆದರೆ ನಿದ್ರಿಸುತ್ತಿದ್ದವರನ್ನು ಎಬ್ಬಿಸಲು ಬರೆದದ್ದನ್ನು ಬರಿಯ ಶಾಸನಪಾಠವೆಂದು ಅಳೆಯುವುದು ಉಚಿತವಲ್ಲ.

ವಕೀಲಿ ಹಿಂದೆ ಬಿದ್ದು ಕೊನೆಗೆ ನಿಂತೇಹೋಯಿತು. ‘ವಾಗ್ಭೂಷಣ’ದ ಸಂಪಾದಕತ್ವ, ಇತಿಹಾಸ ಮಂಡಳ, ೧೯೨೨ರಲ್ಲಿ ‘ಜಯಕರ್ನಾಟಕ’ ಮಾಸಪತ್ರಿಕೆ ಎಂದು ಒಂದರ ಹಿಂದೊಂದು ಕಾರ್ಯ ಬೆಳೆಯಿತು. ಧಾರವಾಡದಲ್ಲಿ ೧೯೨೦ರಲ್ಲಿ ವಿ. ಪಿ. ಮಾಧವರಾಯರ ಅಧ್ಯಕ್ಷತೆಯಲ್ಲಿ ನಡೆದ ರಾಜಕೀಯ ಪರಿಷತ್ತು ಏಕೀಕರಣದ ಪರವಾಗಿ ನಿಂತಿತು. ಅದೇ ವರ್ಷ ನಾಗಪುರದ ಅಧಿವೇಶನದಲ್ಲಿ ಕಾಂಗ್ರೆಸ್ಸು ಭಾಷಾವಾರು ಪ್ರಾಂತ ಸಮಿತಿಗಳನ್ನು ಒಪ್ಪಿಕೊಂಡಿತು.

ಆದರೂ ಒಂದು ಆಕ್ಷೇಪ ಬೆನ್ನು ಬಿಡಲಿಲ್ಲ. ಸ್ವರಾಜ್ಯ ಮೊದಲೋ, ಪ್ರಾಂತ ಮೊದಲೋ? ಕರ್ನಾಟಕವೆನ್ನುವುದು ಭಾರತದ ಐಕ್ಯಕ್ಕೆ ಭಂಗವಲ್ಲವೇ? ಈ ಪ್ರಶ್ನೆಗೆ ವೆಂಕಟರಾಯರು ವಿಚಲಿತರಾಗದಿದ್ದುದರ ಮೂಲವು ಅವರ ತತ್ತ್ವನಿಷ್ಠೆಯಲ್ಲಿದೆ ಎಂದು ನಮ್ಮ ಊಹೆ. ಶ್ರೀಮದಾಚಾರ್ಯರ ಮತಕ್ಕೆ ದ್ವೈತವೆಂಬ ಹೆಸರು ಸಾಲದೆಂದು ಭಾವಿಸಿ, ಅವರು ಅದನ್ನು ಪೂರ್ಣಬ್ರಹ್ಮವಾದವೆಂದು ಕರೆದರು. ಭೇದವು ಸತ್ಯ, ಆದರೆ ಭಿನ್ನವಾದುದೆಲ್ಲವೂ ಪೂರ್ಣನಾದ ಒಬ್ಬನ ಅಧೀನ. ಇದನ್ನು ಮನಸಾರೆ ನಂಬಿದವನಿಗೆ ಕರ್ನಾಟಕದ ಸ್ವತ್ವವೂ ಭಾರತದ ಐಕ್ಯವೂ ಪರಸ್ಪರ ಶತ್ರುಗಳಾಗಿ ತೋರಲಾರವು. ಇಷ್ಟಾಗಿಯೂ ಅವರದು ಸಂಕುಚಿತ ಸ್ವಮತಾಭಿಮಾನವಲ್ಲ. ತಾತ್ತ್ವಿಕವಾಗಿ ಅದ್ವೈತದ ಕಡೆಗೇ ವಾಲುವ ತಿಲಕರ ‘ಗೀತಾರಹಸ್ಯ’ವನ್ನು ಕನ್ನಡಕ್ಕೆ ತಂದವರು ಇವರೇ. ಅಷ್ಟೇ ಏಕೆ, ಅವರು ಮೊದಲು ಚರಿತ್ರೆ ಬರೆದ ವಿದ್ಯಾರಣ್ಯರೂ ಅದ್ವೈತ ಯತಿಗಳೇ ಅಲ್ಲವೇ!

ಸ್ವಾತಂತ್ರ್ಯ ಬಂದ ಮರುವರ್ಷವೇ, ೧೯೪೮ರಲ್ಲಿ, ಧರ್ ಆಯೋಗವು ಭಾಷಾವಾರು ಪ್ರಾಂತಗಳು ಬೇಡವೆಂದು ವರದಿಯಿತ್ತಿತು. ಆಗ ರಾಯರಿಗೆ ೬೮ ವರ್ಷ. ಕೈಚೆಲ್ಲಿ ಕೂರಲು ಅದಕ್ಕಿಂತ ಉತ್ತಮ ನೆಪ ಬೇಕಿರಲಿಲ್ಲ. ಮುಂದಿನ ಹೋರಾಟದ ಬಿಸಿಯನ್ನು ಹೊತ್ತವರು ಇತರರೆಂಬುದನ್ನೂ ಹೇಳಬೇಕು: ೧೯೫೩ರಲ್ಲಿ ಅದರಗುಂಚಿ ಶಂಕರಗೌಡರು ಉಪವಾಸ ಕೂತರು, ಅಂದಾನಪ್ಪ ದೊಡ್ಡಮೇಟಿ, ಎಸ್. ನಿಜಲಿಂಗಪ್ಪ ಮೊದಲಾದವರು ರಾಜಕೀಯ ಹೊಣೆ ಹೊತ್ತರು. ಅಧಿಕಾರದ ಸ್ಥಾನಗಳ ಕಡೆಗೆ ರಾಯರು ನಡೆದವರಲ್ಲ. ಪುರೋಹಿತನ ಕೆಲಸವು ಸಂಕಲ್ಪ ಹೇಳಿಸುವುದು. ಯಜಮಾನ ಪದವಿ ಅವನದಲ್ಲ.

೧೯೫೬ರ ನವೆಂಬರ್ ೧ರಂದು ರಾಜ್ಯ ಉದಯಿಸಿದಾಗ ೭೬ರ ಆ ವೃದ್ಧರು ಹಂಪೆಗೆ ತೆರಳಿದರು; ವಿರೂಪಾಕ್ಷ ದೇವಾಲಯದಲ್ಲಿ ಭುವನೇಶ್ವರಿಗೆ ಪೂಜೆ ಸಲ್ಲಿಸಿದರು. ಅಂದು ಕಾಸರಗೋಡು ಹೊರಗುಳಿದಿತ್ತು, ಸೊಲ್ಲಾಪುರ, ಅಕ್ಕಲಕೋಟೆಗಳೂ ಹೊರಗುಳಿದಿದ್ದವು. ಹೊಸ ರಾಜ್ಯಕ್ಕಿಟ್ಟ ಹೆಸರಾದರೂ ಮೈಸೂರು. ೧೯೬೪ರ ಫೆಬ್ರವರಿ ೨೫ರಂದು ರಾಯರು ಹರಿಪಾದವನ್ನು ಸೇರಿದರು. ಅವರು ಜೀವಮಾನವೆಲ್ಲ ಜಪಿಸಿದ ಹೆಸರು ಆ ನಾಡಿಗೆ ಬಂದದ್ದು ೧೯೭೩ರಲ್ಲಿ.